ಊರಲ್ಲಿಲ್ಲದ ಇಟ್ಟಿಗೆ ಗೂಡು

ಊರು ಎಷ್ಟು ಹೊಗೆ ಉಗುಳುತ್ತದೆ, ಲೆಕ್ಕ ಕೊಡಿ ಎಂದು ಪುರಸಭೆಗೆ ಮೇಲಿನಿಂದ ಆದೇಶ ಬಂತು. ಹವಾಮಾನ ಕೆಡುತ್ತಿದೆಯಂತೆ, ಅದಕ್ಕೊಂದು ಯೋಜನೆ ಆಗಬೇಕಂತೆ. ಕೆಲಸ ಎಂದಿನಂತೆ ಗುಮಾಸ್ತನ ತಲೆಗೇ ಬಿತ್ತು. ಬೇಕರಿ, ಬಸ್ಸು, ಕಸದ ಬೆಂಕಿ ಎಂದು ಬಿಸಿಲಲ್ಲಿ ಅಲೆದು, ಸುಸ್ತಾಗಿ ಲೆಕ್ಕ ತಂದ.

ಅಧ್ಯಕ್ಷ ದೊಡ್ಡವೀರಪ್ಪನವರು ಅದನ್ನು ನೋಡಿ ಕೆಂಡಾಮಂಡಲವಾದರು. "ನನ್ನ ಇಟ್ಟಿಗೆ ಗೂಡು ಯಾಕಯ್ಯಾ ಇದರಲ್ಲಿ? ತೆಗಿ. ಇಲ್ಲಾಂದ್ರೆ ನಾಳೆನೇ ನಿನಗೆ ವರ್ಗಾವಣೆ!"

ವಾದ ಮಾಡುವ ತ್ರಾಣ ಗುಮಾಸ್ತನಿಗೆ ಉಳಿದಿರಲಿಲ್ಲ. "ಆಯ್ತು ಸಾರ್," ಎಂದ. 'ಊರಿನಲ್ಲಿ ಇಟ್ಟಿಗೆ ಗೂಡು ಇಲ್ಲ' ಎಂದು ಬರೆದ. ಅಧ್ಯಕ್ಷರು ಖುಷಿಯಾಗಿ ಸಹಿ ಹಾಕಿದರು.

ಯುಗಾದಿಗೂ ಮೊದಲೇ ಅಕಾಲ ಮಳೆ ಸುರಿಯಿತು. ಗೂಡಿನ ದಾರಿಯಲ್ಲಿ ಲಾರಿಗಳು ಹೂತುಕೊಂಡವು. ಅಧ್ಯಕ್ಷರು ಓಡಿ ಬಂದರು. "ನನ್ನ ಗೂಡಿಗೆ ಟಾರು ರಸ್ತೆ ಆಗಬೇಕು, ಬರಿ!"

"ಯಾವ ಗೂಡು ಸಾರ್? ನಮ್ಮೂರಲ್ಲಿ ಗೂಡೇ ಇಲ್ಲ ಅಂತ ನೀವೇ ಸಹಿ ಹಾಕಿ ಕಳಿಸಿದೀರಿ."

"ಈಗ ಸೇರಿಸು ಮತ್ತೆ!"

"ಸೇರಿಸ್ತೀನಿ ಸಾರ್. ಹೊಗೆ ಸಮೇತ ಸೇರಿಸಬೇಕಾಗುತ್ತೆ."

ಅಧ್ಯಕ್ಷರು ಬಾಯಿ ತೆರೆದರು. ಕೆಮ್ಮು ಬಂತು. ಕಿಟಕಿಯಿಂದ ಅವರ ಗೂಡಿನ ಹೊಗೆಯೇ ಒಳಗೆ ನುಗ್ಗುತ್ತಿತ್ತು.

ಗುಮಾಸ್ತ ನಿಧಾನವಾಗಿ ಎದ್ದು ಕಿಟಕಿ ಮುಚ್ಚಿದ. "ಪಕ್ಕದೂರಿಂದ ಬರ್ತಿರಬೇಕು ಸಾರ್."