ಬೋರಲಿಂಗ ಬಸ್ಸಿನ ಪ್ರಶ್ನೆ ಕೇಳಿದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ. ನಂಬದವರು ಎದ್ದು ಹೋಗಿ ದನಕ್ಕೆ ನೀರು ತೋರಿಸಿ. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ, ಅದರ ಮಾಡು ಹತ್ತಿದವನು, ಹೆಂಚು ಹೊದೆಸುವುದಕ್ಕೆ. ಆದರೆ ಮಂತ್ರಿಗಳು ಕೂರುವ ದೊಡ್ಡ ಸಭೆಯನ್ನು ಕಣ್ಣಾರೆ ಕಂಡವನು ನಮ್ಮ ಸೀಮೆಗೆ ನಾನೊಬ್ಬನೇ. ಬಾಗಿಲ ಪೊಲೀಸಪ್ಪ ನನ್ನ ಮೀಸೆ ನೋಡಿ, ಇವನ್ಯಾವನೋ ಹೊಸ ಖಾತೆಯ ಮಂತ್ರಿ ಅಂದುಕೊಂಡು ಸಲ್ಯೂಟು ಹೊಡೆದು ಮಹಡಿಯ ಮೇಲೆ ಕೂರಿಸಿದ. ಹಾಗಾಗಿ ಇದು ಕೇಳಿದ ಕತೆಯಲ್ಲ, ಕಂಡ ಕತೆ.

ಅವರೆಹಟ್ಟಿಯಲ್ಲಿ ಮುದ್ದಿಂಗಮ್ಮ ಅಂತ ಒಬ್ಬಳು. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳು ತೆಂಗಿನ ಮರದಷ್ಟು, ಬುದ್ಧಿ ಅದರ ನೆರಳಿನಷ್ಟು, ಅದೂ ನಡುಮಧ್ಯಾಹ್ನದ ನೆರಳು! ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಹಾಲು ಉಕ್ಕುತ್ತೇನೋ ನೋಡೋ" ಅಂದರೆ, ಉಕ್ಕಿ, ಚೆಲ್ಲಿ, ಒಲೆ ಆರುವವರೆಗೂ ನೋಡಿ, "ಉಕ್ತು ಕಣವ್ವ" ಅನ್ನುವವನು.

ಅವನಪ್ಪ ಚಿಕ್ಕಬೆಟ್ಟಯ್ಯ ಶಾಸಕನಾಗಿದ್ದವನು. ಅವನು ಪ್ರಶ್ನೆ ಕೇಳಲು ಎದ್ದು ನಿಂತರೆ ಮಂತ್ರಿಗಳು ನೀರು ತರಿಸಿಕೊಂಡು ಕುಡಿಯೋರು. ಅವನು ತೀರಿಕೊಂಡ ಮೇಲೆ ಜನ, "ಅಪ್ಪನ ಮೂಗು ಮಗನಿಗೂ ಐತೆ, ಇನ್ನೇನು ಬೇಕು?" ಅಂತ ಬೋರಲಿಂಗನಿಗೇ ಓಟು ಹಾಕಿದರು. ಮೂಗು ನೋಡಿ ಓಟು ಹಾಕಿದವರಲ್ಲಿ ನಾನೂ ಒಬ್ಬ. ನಿಜವಾಗಿಯೂ ಒಳ್ಳೇ ಮೂಗು.

ಅವರೆಹಟ್ಟಿಯ ಹೆಂಗಸರದ್ದು ಹೂವಿನ ಬದುಕು. ಸೇವಂತಿಗೆ, ಕನಕಾಂಬರ ಬಿಡಿಸಿ ಮುಂಜಾನೆಯೇ ಪೇಟೆ ಮುಟ್ಟಿಸಬೇಕು. ಬಿಸಿಲೇರಿತೋ, ಹೂವು ಬಾಡಿತು. ಹಿಂದೆ ಊರ ಗೇಟಿನಲ್ಲಿ ಮುಂಜಾನೆ ಬಸ್ಸು ನಿಲ್ಲುತ್ತಿತ್ತು. ಯಾವ ಪುಣ್ಯಾತ್ಮನಿಗೆ ಏನು ಹೊಳೆಯಿತೋ, ಕಂಬದ ಬೋರ್ಡು ಕಿತ್ತರು, "ಇದು ಎಕ್ಸ್‌ಪ್ರೆಸ್" ಅಂದರು. ಬಸ್ಸು ಧೂಳೆಬ್ಬಿಸಿಕೊಂಡು ನೆಟ್ಟಗೆ ಹೋಗತೊಡಗಿತು. ಆ ಓಟಿಗೆ ಮುಂಚೆ ಮುದ್ದಿಂಗಮ್ಮ ಮನೆಮನೆಗೆ ಹೋಗಿ, "ನನ್ನ ಮಗನ್ನ ಗೆಲ್ಸಿ ಕಣ್ರವ್ವ. ಗೌರಿ ಹಬ್ಬದೊಳಗೆ ಬಸ್ಸು ನಿಲ್ದೇ ಹೋದ್ರೆ ನಿಮ್ಮ ಬಾಡಿದ ಹೂವೆಲ್ಲ ತಂದು ನನ್ನ ಜಗಲಿ ಮೇಲೆ ಸುರೀರಿ!" ಅಂತ ಮಾತು ಕೊಟ್ಟುಬಿಟ್ಟಳು.

ಮಗ ಗೆದ್ದ. ತಾಯಿ ಕೂರಿಸಿಕೊಂಡು ಹೇಳಿದಳು:

"ನೋಡಪ್ಪಾ, ಬೇರೇನೂ ಬ್ಯಾಡ. ಹೋಗಿ ಮಂತ್ರಿಗೆ ಪ್ರಶ್ನೆ ಕೇಳು. ಅವರೆಹಟ್ಟಿ ಗೇಟಲ್ಲಿ ಬಸ್ಸು ನಿಲ್ಲುತ್ತೋ ಇಲ್ವೋ ಅಂತ."

"ಸರಿ ಕಣವ್ವ, ತಿಳೀತು ಕಣವ್ವ."

ಅವನಿಗೆ ತಿಳಿದಿದ್ದ ಪ್ರಶ್ನೆ ಒಂದೇ. ದೇವರ ಗುಡಿಯಲ್ಲಿ ಕೇಳುವ ಪ್ರಶ್ನೆ! ಸಭೆ ಸೇರಿತು. ಸಾರಿಗೆ ಮಂತ್ರಿ ಎದ್ದರು. ಬೋರಲಿಂಗ ನೆಟ್ಟಗೆ ಹೋದ, ಮಂತ್ರಿಯ ಮುಂದೆ ಕಾಯಿ ಒಡೆದ, ಕರ್ಪೂರ ಹಚ್ಚಿದ, ಮಂತ್ರಿಯ ನೆತ್ತಿಯ ಮೇಲೆ ಒಂದು ಸೇವಂತಿಗೆ ಇಟ್ಟು ಅಡ್ಡಬಿದ್ದ.

"ಸ್ವಾಮೀ! ಬಸ್ಸು ನಿಲ್ಲೋದಾದ್ರೆ ಬಲಗಡೆ ಹೂವು ಕೊಡು! ಇಲ್ಲಾಂದ್ರೆ ಎಡಗಡೆ ಕೊಡು!"

ಮಂತ್ರಿಗೆ ಒಳಗೊಳಗೇ ಖುಷಿ. ಕಣ್ಣು ಮುಚ್ಚಿ ಕೂತೇಬಿಟ್ಟರು. ಅಷ್ಟರಲ್ಲಿ ಕರ್ಪೂರದ ಹೊಗೆ ಮೂಗಿಗೆ ಏರಿ ಸೀನು ಬಂತು. ಆಕ್ಷೀ! ಹೂವು ಎಡಕ್ಕೆ ಬಿತ್ತು.

ಬೋರಲಿಂಗ ಅಳುತ್ತ ಮನೆಗೆ ಬಂದ. "ಎಡಕ್ಕೆ ಬಿತ್ತು ಕಣವ್ವ. ದೇವ್ರು ಅಪ್ಪಣೆ ಕೊಡ್ಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಅವನು ದೇವ್ರಲ್ಲ ಕಣೋ, ಮಂತ್ರಿ! ನೀನು ಅಡ್ಡ ಬೀಳೋಕಲ್ಲ, ಅಡ್ಡ ಕೇಳೋಕೆ ಹೋಗಿರೋನು!"

"ನೀನೇ ಅಲ್ವೇನವ್ವ ಪ್ರಶ್ನೆ ಕೇಳು ಅಂದಿದ್ದು?"

"ಹಂಗಲ್ಲ ಕಣೋ! ಚುಕ್ಕೆ ಇಟ್ಟು ಕೇಳ್ಬೇಕು. ನಿಮ್ಮಪ್ಪ ಯಾವತ್ತೂ ಚುಕ್ಕೆ ಪ್ರಶ್ನೆನೇ ಕೇಳ್ತಿದ್ದಿದ್ದು. ಚುಕ್ಕೆ ಇಟ್ರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳ್ಬೇಕು. ಚುಕ್ಕೆ ಇಲ್ದಿದ್ರೆ ಒಂದು ಕಾಗದ ಕೈಗಿಟ್ಟು ಸುಮ್ಮನಾಗ್ತಾರೆ."

"ಸರಿ ಕಣವ್ವ, ತಿಳೀತು ಕಣವ್ವ."

ಮುಂದಿನ ಸಲ ಹೋಗುವಾಗ ತಾಯಿಯ ಕಾಡಿಗೆ ಡಬ್ಬಿಯನ್ನು ಜೇಬಿಗಿಳಿಸಿಕೊಂಡು ಹೋದ. ಮಂತ್ರಿ ಏಳುತ್ತಿದ್ದ ಹಾಗೇ ಹೋಗಿ ಗದ್ದ ಹಿಡಿದುಕೊಂಡು, ತೊಟ್ಟಿಲ ಕೂಸಿಗೆ ದೃಷ್ಟಿಬೊಟ್ಟು ಇಡುವ ಹಾಗೆ, ಕೆನ್ನೆಗೆ ಇಷ್ಟು ದಪ್ಪ ಚುಕ್ಕೆ ಇಟ್ಟ.

"ಚುಕ್ಕೆ ಇಟ್ಟಿದೀನಿ! ಬಾಯಲ್ಲೇ ಹೇಳು!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಾನಂತೂ ಮಹಡಿಯಿಂದ ಅರ್ಧ ಕೆಳಗೆ ಬಿದ್ದೆ, ಮೀಸೆ ಕಂಬಿಗೆ ಸಿಕ್ಕಿಕೊಂಡಿದ್ದಕ್ಕೆ ಉಳಿದೆ. ಮಂತ್ರಿ ಕೆನ್ನೆ ಒರೆಸಿಕೊಂಡರು. ಕಾಡಿಗೆ ಕಿವಿಯವರೆಗೂ ಹರಡಿತು. ಅಂಥದ್ದರಲ್ಲೂ ಉತ್ತರ ಮಾತ್ರ ರೂಢಿಯ ಹಾಗೇ ಬಂತು: "ಮಾನ್ಯ ಸದಸ್ಯರ ಬಸ್ಸಿನ ವಿಚಾರ ಪರಿಶೀಲನೆಯಲ್ಲಿದೆ."

ಬೋರಲಿಂಗ ಕುಣಿಯುತ್ತ ಬಂದ. "ಅವ್ವ, ಅವ್ವ! ಬಸ್ಸು ಪರಿಶೀಲನೆಯಲ್ಲಿ ಐತಂತೆ! ಅದು ಯಾವ ಊರವ್ವ? ಅಲ್ಲಿಂದ ಇಲ್ಲಿಗೆ ಎಷ್ಟು ದೂರ?"

"ಅಯ್ಯೋ ನನ್ನ ಕರ್ಮವೇ! ಅದು ಊರಲ್ಲ ಕಣೋ! ಮಾಡಲ್ಲ ಅನ್ನೋದನ್ನ ಅವರು ಹಂಗೆ ಹೇಳೋದು. ಚುಕ್ಕೆ ಇಡೋದು ಕೆನ್ನೆಗಲ್ಲ, ಪ್ರಶ್ನೆಗೆ!"

"ನೀನೇ ಅಲ್ವೇನವ್ವ ಚುಕ್ಕೆ ಇಡು ಅಂದಿದ್ದು?"

"ಹಂಗಲ್ಲ ಕಣೋ! ಪರಿಶೀಲನೆ ಅಂತ ಮಂತ್ರಿ ಜಾರಿಕೊಳ್ಳೋಕೆ ನೋಡ್ತಾರೆ, ಬಿಡಬ್ಯಾಡ. ಗಟ್ಟಿಯಾಗಿ ಹಿಡ್ಕೋ. ಉತ್ತರ ಬರೋವರೆಗೂ ಬಿಡಬ್ಯಾಡ!"

"ಸರಿ ಕಣವ್ವ, ತಿಳೀತು ಕಣವ್ವ."

ಮುಂದಿನ ಸಲ ಹೋದ. ಅವತ್ತು ಎದ್ದು ನಿಂತವರು ದನಕರುಗಳ ಮಂತ್ರಿ. ಬೋರಲಿಂಗನಿಗೆ ಯಾವ ಮಂತ್ರಿಯಾದರೂ ಮಂತ್ರಿಯೇ. ಯಾರೋ ಕೇಳಿದ ಪ್ರಶ್ನೆಗೆ ಆ ಮಂತ್ರಿ "ಪರಿಶೀಲನೆ" ಅನ್ನುತ್ತಿದ್ದ ಹಾಗೇ ಇವನು ಹಾರಿ ಹೋಗಿ ಸೊಂಟ ತಬ್ಬಿಕೊಂಡ.

"ಬಿಡ್ರೀ!" ಅಂದರು ಮಂತ್ರಿ.

"ಉತ್ತರ ಬರೋವರೆಗೂ ಬಿಡಲ್ಲ!"

"ಸದಸ್ಯರು ಅವರನ್ನು ಬಿಡಬೇಕು!" ಅಂತ ಸಭಾಧ್ಯಕ್ಷರು ಗಂಟೆ ಬಾರಿಸಿದರು.

"ಅವ್ವ ಬಿಡಬ್ಯಾಡ ಅಂದವಳೆ!"

ಮಂತ್ರಿ ಊಟಕ್ಕೆ ಹೋದರೂ ಬಿಡಲಿಲ್ಲ, ಕಾರು ಹತ್ತಿದರೂ ಬಿಡಲಿಲ್ಲ, ಬಚ್ಚಲಿಗೆ ಹೋದರೂ ಬಿಡಲಿಲ್ಲ. ಕೊನೆಗೆ ಬಚ್ಚಲ ಬಾಗಿಲಲ್ಲೇ ಆ ಮಂತ್ರಿ ಕೈಮುಗಿದು, "ತಂದೆ, ನಿಮ್ಮೂರಿಗೆ ದನದ ಆಸ್ಪತ್ರೆ ಕೊಟ್ಟಿದೀನಿ, ಬಿಡು!" ಅಂದರು. ಉತ್ತರ ಬಂತಲ್ಲ, ಬಿಟ್ಟ.

"ಅವ್ವ, ದನದ ಆಸ್ಪತ್ರೆ ತಂದಿದೀನಿ!"

"ಅಯ್ಯೋ ನನ್ನ ಕರ್ಮವೇ! ಹೂವಿನ ಮಂಕರಿ ಎಮ್ಮೆ ಮೇಲೆ ಹೇರ್ಕೊಂಡು ಹೋಗ್ಲೇನೋ? ಊರಲ್ಲಿ ನೀರಿಗೆ ಹೋದ್ರೆ ಒಬ್ಬಳಾದ್ರೂ ನನ್ನ ಮುಖ ನೋಡಲ್ಲ!"

"ನೀನೇ ಅಲ್ವೇನವ್ವ ಗಟ್ಟಿಯಾಗಿ ಹಿಡ್ಕೋ ಅಂದಿದ್ದು?"

"ಹಂಗಲ್ಲ ಕಣೋ! ಮನುಷ್ಯನ್ನ ಮುಟ್ಟಲೇಬ್ಯಾಡ. ಅವರು ಮಾತು ಕೇಳ್ಲಿಲ್ಲ ಅಂದ್ರೆ ನಿಮ್ಮಪ್ಪ ಏನ್ ಮಾಡ್ತಿದ್ದ ಗೊತ್ತಾ? ಬಾವಿಗೆ ಇಳೀತಿದ್ದ! ಬಾವಿಗೆ ಇಳಿದು ಕೂಗಿದ್ರೆ ಸರ್ಕಾರಾನೇ ಅಲ್ಲಾಡೋದು!"

"ಸರಿ ಕಣವ್ವ, ತಿಳೀತು ಕಣವ್ವ."

ಮುಂದಿನ ಸಲ ಹೆಗಲಿಗೆ ಹಗ್ಗ ಹಾಕಿಕೊಂಡು ಹೋದ. ಕಟ್ಟಡವೆಲ್ಲ ಸುತ್ತಿದ. ಬಾವಿ ಇಲ್ಲ. ಬಾಗಿಲ ಪೊಲೀಸಪ್ಪನನ್ನು ಕೇಳಿದ. "ಬಾವೀನಾ? ಒಳಗೆ ಅಧ್ಯಕ್ಷರ ಮುಂದೆನೇ ಇರೋದು ಸಾರ್" ಅಂದ ಅವನು. ಬೋರಲಿಂಗ ನಕ್ಕುಬಿಟ್ಟ. "ನಾನೇನು ಪೆದ್ದನೇನಯ್ಯ? ಅಲ್ಲಿರೋದು ಜಮಖಾನ!" ಹುಡುಕಿ ಹುಡುಕಿ, ಅಡಿಗೆಮನೆಯ ಹಿಂದೆ ನೀರಿನ ಸಂಪು ಕಂಡಿತು. ಮುಚ್ಚಳ ಎತ್ತಿದ, ಹಗ್ಗ ಕಟ್ಟಿದ, ಇಳಿದ. ಕುತ್ತಿಗೆಮಟ್ಟ ನೀರಲ್ಲಿ ನಿಂತು, "ಬಸ್ಸು ಬೇಕೂ! ಬಸ್ಸು ಬೇಕೂ!" ಅಂತ ಕೂಗುತ್ತಾನೆ, ಕೂಗುತ್ತಾನೆ.

ಒಳಗೆ ಸಭೆಯಲ್ಲಿ ಏನಾಯಿತು ಅಂತೀರಿ? ಹೊಟ್ಟೆ ಉರಿಯುವುದು ಇಲ್ಲೇ. ಅವತ್ತೇ ಬಸ್ಸಿನ ಪ್ರಶ್ನೆಯ ಸರದಿ ಬಂತು. ಸಾರಿಗೆ ಮಂತ್ರಿ ಹೂವು, ಕಾಡಿಗೆ ಎಲ್ಲ ನೆನೆಸಿಕೊಂಡು, ನಿಲ್ಲಿಸುತ್ತೇನೆ ಅಂತ ಹೇಳಿ ಮುಗಿಸೋಣ ಅಂತಲೇ ಬಂದಿದ್ದರಂತೆ. ಸಭಾಧ್ಯಕ್ಷರು ಕರೆದರು: "ಶ್ರೀ ಬೋರಲಿಂಗಯ್ಯನವರು!"

ಉತ್ತರವಿಲ್ಲ. ಎಲ್ಲೋ ನೆಲದಡಿಯಿಂದ "ಬೇಕೂ" ಅಂತ ಸಣ್ಣಗೆ ಕೇಳಿಸಿತು.

"ಸದಸ್ಯರು ಹಾಜರಿಲ್ಲ. ಮುಂದಿನ ಪ್ರಶ್ನೆ!"

ನಾನು ಮಹಡಿಯಿಂದಲೇ "ಅವನು ಸಂಪಿನಲ್ಲಿದ್ದಾನೆ ಸ್ವಾಮೀ!" ಅಂತ ಕೂಗಿದೆ. ನನ್ನನ್ನು ಎತ್ತಿ ಹೊರಗಿಟ್ಟರು. ಎತ್ತುವುದಕ್ಕೆ ಒಂದು ಡಜನ್ ಆಳು ಬೇಕಾಯಿತು ಅನ್ನುವುದು ಬೇರೆ ಮಾತು.

ಒದ್ದೆ ಮಗ ಮನೆಗೆ ಬಂದ. ತಾಯಿ ತಲೆ ಒರೆಸುತ್ತ ಅತ್ತಳು.

"ಅಯ್ಯೋ ನನ್ನ ಕರ್ಮವೇ! ಬಾವಿ ಅಂದ್ರೆ ಅಧ್ಯಕ್ಷರ ಮುಂದಿರೋ ಜಾಗ ಕಣೋ!"

"ಅದರಲ್ಲಿ ನೀರೇ ಇಲ್ವಲ್ಲವ್ವ?"

"ಸಾಕು ಸುಮ್ನಿರು! ಹಬ್ಬ ಬಾಗಿಲಿಗೆ ಬಂತು, ಇದೇ ಕಡೇ ಸಲ. ಏನೂ ಮಾಡಬ್ಯಾಡ. ಎಲ್ಲೂ ಇಳೀಬ್ಯಾಡ. ನಿನ್ನ ಜಾಗದಲ್ಲೇ ಕೂತಿರು. ಮಂತ್ರಿ ಏನೇ ಹೇಳ್ಲಿ, ಎದ್ದು ನಿಂತು 'ಒಪ್ಪಲ್ಲ' ಅನ್ನು. ಅಷ್ಟೇ!"

"ಸರಿ ಕಣವ್ವ, ತಿಳೀತು ಕಣವ್ವ."

ಹೋದ. ಕೂತ. ಸರದಿ ಬಂತು. ಸಾರಿಗೆ ಮಂತ್ರಿ ದೂರದಲ್ಲೇ ನಿಂತು, ಕೆನ್ನೆಗೆ ಕೈ ಅಡ್ಡ ಹಿಡಿದುಕೊಂಡು ಹೇಳಿದರು: "ಸದಸ್ಯರು ಒಪ್ಪುವುದಾದರೆ, ನಾಳೆಯಿಂದಲೇ ಅವರೆಹಟ್ಟಿ ಗೇಟಿನಲ್ಲಿ ಬಸ್ಸು ನಿಲ್ಲಿಸುತ್ತೇವೆ."

ಬೋರಲಿಂಗ ಎದ್ದ. "ಒಪ್ಪಲ್ಲ!"

ಮಂತ್ರಿ ಬೆವರಿದರು. "ಹೋಗುವ ಬಸ್ಸು, ಬರುವ ಬಸ್ಸು, ಎರಡನ್ನೂ ನಿಲ್ಲಿಸುತ್ತೇವೆ."

"ಒಪ್ಪಲ್ಲ!"

"ಆ ದಾರಿಯಲ್ಲಿ ಓಡಾಡುವ ಎಲ್ಲ ಬಸ್ಸನ್ನೂ ನಿಲ್ಲಿಸುತ್ತೇವೆ! ನೆರಳಿಗೆ ತಂಗುದಾಣ ಕಟ್ಟಿಸುತ್ತೇವೆ!"

"ಒಪ್ಪಲ್ಲ!"

"ಸ್ವಾಮೀ, ನನ್ನ ಕಾರನ್ನೂ ನಿಲ್ಲಿಸುತ್ತೇನೆ! ನಾನೇ ಇಳಿದು ಬಂದು ಮಂಕರಿ ಎತ್ತಿಕೊಡುತ್ತೇನೆ!"

"ಒಪ್ಪಲ್ಲ! ಒಪ್ಪಲ್ಲ! ಒಪ್ಪಲ್ಲ!"

ಮಂತ್ರಿ ಮುಖ ಒರೆಸಿಕೊಂಡು ಕೂತರು. "ಸದಸ್ಯರಿಗೇ ಬೇಡವಾದ ಮೇಲೆ ಸರ್ಕಾರ ಏನು ಮಾಡಲು ಸಾಧ್ಯ?" ಸುತ್ತ ಇದ್ದವರೆಲ್ಲ ಮೇಜು ಕುಟ್ಟಿದರು. ಎಷ್ಟು ಗಟ್ಟಿ ಮನುಷ್ಯ ಅಂತ ಬೋರಲಿಂಗನಿಗೂ ಕುಟ್ಟಿದರು, ಎಷ್ಟು ಉದಾರಿ ಅಂತ ಮಂತ್ರಿಗೂ ಕುಟ್ಟಿದರು.

ಮಾರನೆಯ ಬೆಳಗ್ಗೆ, ಗೌರಿ ಹಬ್ಬದ ಹಿಂದಿನ ದಿನ. ಅವರೆಹಟ್ಟಿಯ ಹೆಂಗಸರು ಹೊಸ ಹೂವಿನ ಮಂಕರಿ ಹೊತ್ತು, ಪೇಟೆಗೆ ನಡೆದೇ ಹೊರಟವರು, ದಾರಿಯಲ್ಲಿ ಮುದ್ದಿಂಗಮ್ಮನ ಮನೆ ಮುಂದೆ ನಿಂತರು. ನಿನ್ನೆಯ, ಮೊನ್ನೆಯ ಬಾಡಿದ ಹೂವನ್ನೆಲ್ಲ ಜಗಲಿಯ ಮೇಲೆ ಸುರಿದರು. "ತಗೋ ಕಣಕ್ಕಾ, ನಿನ್ನ ಮಗನ ಬಸ್ಸಿಗೆ ಹಾರ ಹಾಕು!" ಅಂದಳು ಒಬ್ಬಳು. ಮುದ್ದಿಂಗಮ್ಮ ತಾನೂ ಮಂಕರಿ ತಲೆಗೇರಿಸಿಕೊಂಡಳು. ಅಷ್ಟರಲ್ಲಿ ಮಗ ಕಣ್ಣುಜ್ಜುತ್ತ ಎದ್ದು ಬಂದ.

"ಅವ್ವ, ಇವತ್ತು ನಾನೇನು ಮಾಡ್ಲವ್ವ?"

ಮುದ್ದಿಂಗಮ್ಮನಿಗೆ ಹೊಟ್ಟೆಯಲ್ಲಿದ್ದ ಉರಿಯೆಲ್ಲ ಬಾಯಿಗೆ ಬಂತು. "ಇನ್ನೇನು ಮಾಡ್ತೀಯ? ಹೋಗು! ಹೋಗಿ ಗೇಟಲ್ಲಿ ಆ ಬಸ್ಸಿಗೆ ಕಾಯಿ, ಹೋಗು!"

"ಬಸ್ಸಿಗೆ ಕಾಯಾ? ಮೊದಲೇ ಹೇಳಬಾರ್ದಾಗಿತ್ತೇನವ್ವ!"

ತೆಂಗಿನಕಾಯಿ ತಗೊಂಡ, ಕರ್ಪೂರ ತಗೊಂಡ, ಜಗಲಿಯ ಹೂವನ್ನೆಲ್ಲ ಗೋಣಿಗೆ ತುಂಬಿಕೊಂಡು ಒಂದೇ ಓಟ. ನಡೆದು ಬರುತ್ತಿದ್ದ ಹೆಂಗಸರಿಗಿಂತ ಮೊದಲೇ ಗೇಟು ಮುಟ್ಟಿದ. ಬೋರ್ಡು ಕಿತ್ತ ಕಂಬದ ಬುಡಕ್ಕೆ ಹೂವು ಸುರಿದ, ಕಂಬಕ್ಕೆಲ್ಲ ಹೂವು ಸುತ್ತಿದ, ಕರ್ಪೂರ ಹಚ್ಚಿದ, ಕಾಯಿ ಹಿಡಿದು ನಿಂತ.

ಬಂತು ಎಕ್ಸ್‌ಪ್ರೆಸ್, ಗಾಳಿಯ ಹಾಗೆ! ದಾರಿಯಲ್ಲಿ ದೇವರು, ಹೂವು, ಕರ್ಪೂರ ಕಂಡರೆ ಯಾವ ಡ್ರೈವರು ತಾನೇ ನಿಲ್ಲದೆ ಹೋದಾನು? ಗಕ್ಕನೆ ಬ್ರೇಕು ಒತ್ತಿದ.

"ರಾತ್ರೋರಾತ್ರಿ ಯಾವುದೋ ಹೊಸ ದೇವ್ರು ಎದ್ದೈತೆ ಕಣಯ್ಯ. ಕೈಮುಗೀದೆ ಹೋದ್ರೆ ಮುಂದಿನ ತಿರುವಲ್ಲಿ ವಿಚಾರಿಸ್ಕೋತಾನೆ" ಅಂದ.

ಡ್ರೈವರು ಇಳಿದ, ಕಂಡಕ್ಟರು ಇಳಿದ, ಇಬ್ಬರೂ ಚಪ್ಪಲಿ ಬಿಟ್ಟು ಕಂಬಕ್ಕೆ ಪ್ರದಕ್ಷಿಣೆ ಹಾಕಿದರು. ಅಷ್ಟರಲ್ಲಿ ಹೆಂಗಸರು ಬಂದರು, ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಮಂಕರಿ ಸಮೇತ ಹಿಂದಿನ ಬಾಗಿಲಿಂದ ಹತ್ತಿದರು. ಮುದ್ದಿಂಗಮ್ಮನೂ ಹತ್ತಿದಳು, ಕಿಟಕಿ ಪಕ್ಕ ಕೂತಳು.

ಅವತ್ತಿಂದ ಇವತ್ತಿನವರೆಗೆ ಆ ಕಂಬದ ಮುಂದೆ ನಿಲ್ಲದೆ ಹೋಗುವ ಬಸ್ಸಿಲ್ಲ. ಸರ್ಕಾರವೇ ನಿಲ್ಲಿಸಿದ್ದು ಅಂತ ಮಂತ್ರಿ ಸಭೆಯಲ್ಲಿ ಹೇಳಿ ಮತ್ತೆ ಮೇಜು ಕುಟ್ಟಿಸಿಕೊಂಡರು. ಆ ಮಾತು ಹಾಗಿರಲಿ.

ಅವತ್ತು ಬಸ್ಸು ನಿಂತಿದ್ದನ್ನಾಗಲಿ, ಹೆಂಗಸರು ಹತ್ತಿದ್ದನ್ನಾಗಲಿ ಬೋರಲಿಂಗ ನೋಡಲೇ ಇಲ್ಲ. ಅವನು ಅವನ ಕೆಲಸದಲ್ಲಿದ್ದ. ಬಸ್ಸಿನ ಮುಂದೆ ಕಾಯಿ ಒಡೆದ. ಬಸ್ಸಿನ ಮೂತಿಯ ಮೇಲೆ ಒಂದು ಸೇವಂತಿಗೆ ಇಟ್ಟ. ಕಣ್ಣು ಮುಚ್ಚಿ, ಕೈಮುಗಿದು, ಪ್ರಶ್ನೆ ಕೇಳಿದ.

"ಸ್ವಾಮೀ, ಬಸ್ಸಪ್ಪ! ಇಲ್ಲಿ ನಿಲ್ಲೋದಾದ್ರೆ ಬಲಗಡೆ ಕೊಡು! ಇಲ್ಲಾಂದ್ರೆ ಎಡಗಡೆ ಕೊಡು!"

ಡ್ರೈವರು ಹತ್ತಿ ಇಂಜಿನ್ ಶುರು ಮಾಡಿದ. ಬಸ್ಸು ಗಡಗಡ ಅಲ್ಲಾಡಿತು. ಹೂವು ಬಲಕ್ಕೆ ಬಿತ್ತು!

ಬೋರಲಿಂಗ ಹೂವು ಎತ್ತಿ ಕಣ್ಣಿಗೊತ್ತಿಕೊಂಡ. ಬಸ್ಸು ಪಕ್ಕದಲ್ಲೇ ಹಾದು ಹೋಯಿತು. ಕಿಟಕಿಯಿಂದ ತಾಯಿ "ಲೋ ಮಗಾ!" ಅಂತ ಕೂಗಿದಳು. ಅವನು ತಿರುಗಿ ನೋಡಲಿಲ್ಲ, ಊರ ಕಡೆಗೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದ.

"ಅವ್ವೋ! ಬಲಕ್ಕೆ ಬಿತ್ತು ಕಣವ್ವೋ! ಬಸ್ಸು ನಿಲ್ಲುತ್ತಂತೆ ಕಣವ್ವೋ!"

ಮನೆಗೆ ಬಂದ. ಅಡಿಗೆಮನೆ ನೋಡಿದ, ಹಿತ್ತಲು ನೋಡಿದ, ಕಣಜದೊಳಗೆ ಬಗ್ಗಿ ನೋಡಿದ. ತಾಯಿ ಇಲ್ಲ. ಹೂವು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕುಕ್ಕರಿಸಿದ.

"ಥೂ! ಬಸ್ಸು ನಿಲ್ಲುತ್ತೆ ಅನ್ನೋ ಹೊತ್ತಿಗೆ ಈ ಅವ್ವ ಎಲ್ಲಿಗೆ ನಡೆದುಹೋದಳಪ್ಪಾ!"