ದ್ಯಾಮಣ್ಣನ ಪಾಲು

ಆ ಬೇಸಿಗೆಯಲ್ಲಿ ಕೆರೆ ದಂಡೆಯ ಅಂಬಿಗರ ಕೇರಿಗೆ ನಾರುಹುಣ್ಣು ಬಂತು. ಕಾಲಿನಲ್ಲಿ ಬೊಕ್ಕೆ ಏಳುತ್ತಿತ್ತು. ಅದು ಒಡೆದು ದಾರದಂಥ ಹುಳು ಹೊರಬರುತ್ತಿತ್ತು. ಉರಿ ತಾಳಲಾರದೆ ಜನ ಕೆರೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಕುಡಿಯುವುದಕ್ಕೂ ಅದೇ ನೀರು.

ಮಠದ ಗುರುಗಳು ಶಿಷ್ಯ ವಿರೂಪಾಕ್ಷನನ್ನು ಕರೆದರು.

"ಹುಣ್ಣಾದವರು ನೀರಿಗಿಳಿದರೆ ಹುಳುವಿನ ಮರಿಗಳು ನೀರು ಸೇರುತ್ತವೆ. ಆ ನೀರನ್ನು ಸೋಸದೆ ಕುಡಿದವರಿಗೆ ಬರುವ ವರ್ಷ ಹುಣ್ಣು. ಕೇರಿಗೆ ಹೋಗಿ ತಿಳಿಸಿ ಬಾ."

ವಿರೂಪಾಕ್ಷ ಮನೆ ಮನೆಗೂ ಹೋದ. ಬಟ್ಟೆ ಮಡಚಿ ನೀರು ಸೋಸುವುದನ್ನು ಮಾಡಿ ತೋರಿಸಿದ. ಸಂಜೆ ಸಿಟ್ಟಿನಿಂದಲೇ ಮರಳಿದ.

"ಹೆಂಗಸರು ಕೊಡಗಳ ಬಾಯಿಗೆ ಬಟ್ಟೆ ಕಟ್ಟಿದರು, ಗುರುಗಳೇ. ಗಂಡಸರು ಮಾತ್ರ ಕೇಳುವುದಿಲ್ಲ. ದ್ಯಾಮಣ್ಣ ಅಂತ ಒಬ್ಬ. ಕಾಲಿನಲ್ಲಿ ಹುಳು ನೇತಾಡುತ್ತಿದೆ, ಆದರೂ ಬಲೆ ಎಳೆಯಲು ಇಳಿದ. ಬುದ್ಧಿಯಿಲ್ಲದ ಜನ."

"ಯಾಕೆ ಇಳಿದನಂತೆ?"

"ನಾನು ಕೇಳಲಿಲ್ಲ."

"ಹೋಗಿ ಕೇಳು."

ವಿರೂಪಾಕ್ಷ ಮತ್ತೆ ಹೋದ. ದ್ಯಾಮಣ್ಣ ಕಾಲು ಚಾಚಿ ಕೂತಿದ್ದ. ಉತ್ತರ ಕೊಟ್ಟವಳು ಅವನ ಹೆಂಡತಿ ಹುಲಿಗೆವ್ವ.

"ದೊಡ್ಡ ಬಲಿ ಎಳೆಯೋರಿಗಷ್ಟ ಮೀನಿನ ಪಾಲು, ಸ್ವಾಮೇರ. ಇಳೀಲಿಲ್ಲಂದ್ರ ಪಾಲಿಲ್ಲ. ಪಾಲಿಲ್ಲಂದ್ರ ಒಲಿ ಹತ್ತಂಗಿಲ್ಲ."

"ಮಠದಿಂದ ಜೋಳ ಕಳಿಸುತ್ತೇವೆ."

"ಬ್ಯಾಡ್ರಿ," ಎಂದ ದ್ಯಾಮಣ್ಣ. "ಕೈ ಗಟ್ಟಿ ಅದಾವ. ಬೇಡಿ ಉಣ್ಣಾಕ ಮನಸ್ಸು ಒಪ್ಪಂಗಿಲ್ಲ."

ವಿರೂಪಾಕ್ಷ ಮಠಕ್ಕೆ ಮರಳಿ ಇದನ್ನು ತಿಳಿಸಿದ. ಬೆಳಗಾಗುತ್ತಲೇ ಗುರುಗಳು ಕಾವಿ ಮೇಲಕ್ಕೆ ಕಟ್ಟಿ ಕೆರೆಯ ಕಡೆ ಹೊರಟರು. ವಿರೂಪಾಕ್ಷ ಹಿಂದೆ ಓಡಿದ.

"ಗುರುಗಳೇ, ಮೀನು ಹಿಡಿಯುವುದು ಮಠದವರಿಗೆ ಸಲ್ಲುತ್ತದೆಯೇ?"

"ಸಲ್ಲುವುದಿಲ್ಲ."

ಗುರುಗಳು ನಡಿಗೆ ನಿಲ್ಲಿಸಲಿಲ್ಲ.

ದ್ಯಾಮಣ್ಣ ಆಗಷ್ಟೇ ನೀರಿಗೆ ಕಾಲಿಡುವುದರಲ್ಲಿದ್ದ. ಗುರುಗಳು ಅವನ ಭುಜ ಹಿಡಿದು ದಂಡೆಯ ಮೇಲೆ ಕೂರಿಸಿದರು. ಅವನ ಕೈಯಲ್ಲಿದ್ದ ಬಲೆಯ ಹಗ್ಗ ತೆಗೆದುಕೊಂಡರು.

"ಹುಣ್ಣು ಮಾಯುವ ತನಕ ಇವನ ಜಾಗದಲ್ಲಿ ನಾನು. ಪಾಲು ಇವನದು."

ಅಂಬಿಗರು ಮುಖ ಮುಖ ನೋಡಿಕೊಂಡರು. ಹಿರಿಯನೊಬ್ಬ ಅಂದ, "ಬ್ಯಾಡ್ರಿ ಯಪ್ಪಾ, ನಿಮ್ಮ ಅಂಗೈ ಸುಲೀತಾವ."

"ಸುಲಿಯಲಿ. ಎಳೆಯಿರಿ."

ಎಳೆದರು. ಅಂಗೈ ಸುಲಿಯಿತು. ಮೀನು ಹಂಚುವಾಗ ಹುಲಿಗೆವ್ವ ಬುಟ್ಟಿ ಒಡ್ಡಿದಳು. ಬುಟ್ಟಿಗೆ ಪಾಲು ಬಿತ್ತು. ದ್ಯಾಮಣ್ಣ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ.

ಮರುದಿನ ಬಲೆ ಬಿಡುವ ಹೊತ್ತಿಗೆ ಇನ್ನಿಬ್ಬರು ಬಂದು ದ್ಯಾಮಣ್ಣನ ಪಕ್ಕ ಕೂತರು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು.

"ನಮಗೂ ಆಗೈತ್ರಿ," ಎಂದ ಅವರಲ್ಲೊಬ್ಬ. "ಮುಚ್ಚಿಟ್ಟಿದ್ವಿ."

ಗುರುಗಳು ಆಗಲೇ ಸೊಂಟದ ಮಟ್ಟದ ನೀರಿನಲ್ಲಿದ್ದರು. ದಂಡೆಯಿಂದ ವಿರೂಪಾಕ್ಷ ಕೂಗಿದ.

"ಗುರುಗಳೇ, ಇನ್ನೂ ಎಷ್ಟು ಜನ ಮುಚ್ಚಿಟ್ಟಿದ್ದಾರೋ! ಕೇರಿಗೆ ಹೋಗಿ ಮತ್ತೊಮ್ಮೆ ತಿಳಿಹೇಳಲೇ?"

"ಹೇಳುವೆಯಂತೆ," ಎಂದರು ಗುರುಗಳು. "ಮೊದಲು ಬಂದು ಆ ಹಗ್ಗ ಹಿಡಿ."