ಕೊಟ್ರವ್ವ ಇಲ್ಲ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮೈಮುರಿದು ದುಡಿದವನು ಕೊನೆಯಲ್ಲಿ ಒಂದು ಸಣ್ಣ ವಿಷಯ ಕೈಬಿಟ್ಟರೆ ಅದನ್ನೂ ತಪ್ಪು ಎನ್ನಬೇಕೇ?"

ಗುರುಗಳು ಹೇಳಿದರು:

ಒಬ್ಬ ಪ್ರಕಾಶಕನಿದ್ದ. ಅವನು ಅಚ್ಚು ಹಾಕಿಸಿದ ಪುಸ್ತಕಗಳು ಬಹಳ, ಬರೆದವರೂ ಬಹಳ. ಯಾರಿಗೆ ಎಷ್ಟು ರಾಯಲ್ಟಿ ಸಲ್ಲಬೇಕೆಂದು ಲೆಕ್ಕ ಹಾಕಲು ಅವನು ಒಂದು ಸಾಫ್ಟ್‌ವೇರ್ ಕೊಂಡ. ಹಳೆಯ ಎಕ್ಸೆಲ್ ಹಾಳೆಗಳನ್ನು ಅದು ಕೇಳುವ ರೀತಿಯಲ್ಲಿ ಅಣಿಗೊಳಿಸಿ ಅದಕ್ಕೆ ಉಣಿಸುವ ಕೆಲಸ ಒಬ್ಬ ಗುಮಾಸ್ತನ ಪಾಲಿಗೆ ಬಂತು.

ಕೆಲಸ ಸುಲಭದ್ದಲ್ಲ. ಒಬ್ಬನೇ ಲೇಖಕನ ಇನಿಷಿಯಲ್ ಒಂದು ಸಾಲಿನಲ್ಲಿ ಹೆಸರಿನ ಮುಂದೆ ಇತ್ತು, ಇನ್ನೊಂದರಲ್ಲಿ ಹಿಂದೆ. ಒಂದು ಕಡೆ ಡಾಕ್ಟರ್ ಆಗಿದ್ದವನು ಇನ್ನೊಂದು ಕಡೆ ಆಗಿರಲಿಲ್ಲ. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದರೂ ಸಾಫ್ಟ್‌ವೇರ್ ಅವನನ್ನು ಬೇರೆ ಮನುಷ್ಯನೆಂದು ತಿಳಿಯುತ್ತಿತ್ತು. ಒಂದು ಸಾಲು ಹಿಡಿಸದಿದ್ದರೆ ಇಡೀ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಗುಮಾಸ್ತ ತಿದ್ದಿದ, ಒಪ್ಪಿಸಿದ, ಮತ್ತೆ ತಿದ್ದಿದ. ಹೀಗೇ ಬೇಸಿಗೆ ಕಳೆಯಿತು.

ಕೊನೆಗೆ ಒಂದೇ ಸಾಲು ಉಳಿಯಿತು. ಅದು ಕೊಟ್ರವ್ವ ಎಂಬ ಹೆಂಗಸಿನದು. ಅವಳು ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವವಳು. ದೊಡ್ಡವಳಾದ ಮೇಲೆ ಅಕ್ಷರ ಕಲಿತು ಕೌದಿಯ ಹೊಲಿಗೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದಳು. ಅದರ ಚಿತ್ರಗಳು ತಲೆಕೆಳಗಾಗಿ ಅಚ್ಚಾಗಿದ್ದವು; ಯಾವ ಹೊಲಿಗೆಯ ತಲೆ ಯಾವ ಕಡೆ ಎಂಬುದು ಅವಳಿಗಷ್ಟೇ ಗೊತ್ತಿತ್ತು. ಎರಡನೆಯ ಮುದ್ರಣದ ಕರಡನ್ನು ತಾನೇ ಕಣ್ಣಾರೆ ನೋಡಿ ತಿದ್ದಬೇಕೆಂದು ಅವಳು ಕಾಯುತ್ತಿದ್ದಳು. ಅವಳ ಕಣ್ಣು ಆಗಲೇ ಮಂಜಾಗತೊಡಗಿತ್ತು.

ಸಾಫ್ಟ್‌ವೇರ್ ಪ್ರತಿಯೊಬ್ಬರ ಹೆಸರು ಮತ್ತು ಅಡ್ಡಹೆಸರು, ಅಂದರೆ ಮನೆತನದ ಹೆಸರು, ಎರಡನ್ನೂ ಕೇಳುತ್ತಿತ್ತು. ಕೊಟ್ರವ್ವನಿಗೆ ಅಡ್ಡಹೆಸರು ಇರಲಿಲ್ಲ. ಆ ಚೌಕ ಖಾಲಿ ಬಿಟ್ಟರೆ ಹಾಳೆ ವಾಪಸು ಬರುತ್ತಿತ್ತು. ಅವಳ ಫೋನ್ ನಂಬರು ಅದೇ ಸಾಲಿನಲ್ಲಿತ್ತು. ಗುಮಾಸ್ತ ಅದನ್ನು ನೋಡಿದ. ಅವನ ಕಣ್ಣು ಉರಿಯುತ್ತಿತ್ತು, ಯಾರೊಂದಿಗೂ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಅಡ್ಡಹೆಸರಿನ ಚೌಕದಲ್ಲಿ 'ಇಲ್ಲ' ಎಂದು ಬರೆದ. ಸಾಫ್ಟ್‌ವೇರ್ ಒಪ್ಪಿಕೊಂಡಿತು. ಗುಮಾಸ್ತ ಮನೆಗೆ ಹೋಗಿ ಮಲಗಿದ.

ಮುಂದೆ ಮರುಮುದ್ರಣದ ಪುಸ್ತಕಗಳನ್ನು ಆರಿಸಲು ಕುಳಿತ ಮ್ಯಾನೇಜರ್, ಸಾಫ್ಟ್‌ವೇರ್ ಕೊಟ್ಟ ಪಟ್ಟಿಯಲ್ಲಿ 'ಕೊಟ್ರವ್ವ ಇಲ್ಲ' ಎಂದು ಓದಿದ. ಪಾಪ, ಹೋಗಿಬಿಟ್ಟರೇ ಎಂದುಕೊಂಡ. ತೀರಿಕೊಂಡವರ ಪುಸ್ತಕವನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ಅಚ್ಚು ಹಾಕುವಂತಿರಲಿಲ್ಲ. ಅವಳ ಪುಸ್ತಕದ ಅಚ್ಚಿಗೆಂದು ಇಟ್ಟ ಕಾಗದವನ್ನು ಬೇರೆ ಪುಸ್ತಕಕ್ಕೆ ಕೊಟ್ಟು, ಅವಳ ವಾರಸುದಾರರಿಗೆ ಸಂತಾಪದ ಪತ್ರ ಬರೆದ.

ಪತ್ರವನ್ನು ಕೊಟ್ರವ್ವನೇ ಒಡೆದು ಓದಿದಳು. ಬಸ್ಸು ಹತ್ತಿ ಆಫೀಸಿಗೆ ಬಂದಳು.

"ಬನ್ನಿ, ಕೂತ್ಕೊಳ್ಳಿ. ನೀವು ಅವರ ಮಗಳಾ, ತಂಗಿಯಾ?" ಎಂದ ಮ್ಯಾನೇಜರ್.

"ನಾನ ಕೊಟ್ರವ್ವ. ಸತ್ತದ್ದು ಯಾವ ದಿನ ಅಂತ ಹೇಳ್ರಿ ಸಾಹೇಬ್ರ, ತಿಥಿನಾದ್ರೂ ಮಾಡ್ಕೋತೀನಿ."

ಮ್ಯಾನೇಜರ್ ಗುಮಾಸ್ತನನ್ನು ಕರೆದ. ಗುಮಾಸ್ತ ತಲೆ ತಗ್ಗಿಸಿ, "ಅದು ಅಡ್ಡಹೆಸರು ಇಲ್ಲ ಅಂತ ಬರೆದದ್ದಮ್ಮ. ಖಾಲಿ ಬಿಟ್ಟರೆ ತಗೊಳ್ಳೋದಿಲ್ಲ. ಈಗ ಏನು ಬರೀಲಿ, ತಂದೆ ಮನೆಯದಾ, ಗಂಡನ ಮನೆಯದಾ?" ಎಂದ.

"ಅಪ್ಪನ ಮನಿ ಹೆಸರು ಲಗ್ನದಾಗ ಬಿಟ್ಟೆ. ಗಂಡನ ಮನಿ ಹೆಸರು ಅಂವ ನನ್ನ ಬಿಟ್ಟಾಗ ಬಿಟ್ಟೆ. ಕೊಟ್ರವ್ವ ಅಂತನ ಇನ್ನೊಮ್ಮೆ ಬರಿಯಪಾ. ಎರಡು ಸಲ ಬರದ್ರ ಇದ್ದೀನಿ ಅಂತ ನಂಬ್ತದೇನೋ ನಿನ್ನ ಯಂತ್ರ."

ಗುಮಾಸ್ತ ಹಾಗೆಯೇ ಬರೆದ. ಸಾಫ್ಟ್‌ವೇರ್ ತಕರಾರು ಮಾಡಲಿಲ್ಲ.

ಆದರೆ ಆ ವರ್ಷದ ಕಾಗದ ಮುಗಿದುಹೋಗಿತ್ತು. ಮುಂದಿನ ವರ್ಷ ಕರಡು ಅವಳ ಮನೆ ಮುಟ್ಟಿದಾಗ ಅವಳಿಗೆ ಹೊಲಿಗೆಯ ಗೆರೆಗಳು ಕಾಣಿಸಲಿಲ್ಲ. ಹಾಳೆಗಳನ್ನು ಬೆಳಕಿಗೆ ಹಿಡಿದಳು, ಮುಖದ ಹತ್ತಿರ ತಂದಳು, ಕೊನೆಗೆ ಏನೂ ತಿದ್ದದೆ ಮಡಚಿ ವಾಪಸು ಕಳಿಸಿದಳು. ಪುಸ್ತಕ ಮೊದಲಿನಂತೆಯೇ, ಚಿತ್ರಗಳು ತಲೆಕೆಳಗಾಗಿಯೇ ಅಚ್ಚಾಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, "ಆದರೂ ಅವನು ಬಹಳ ದಣಿದಿದ್ದನಲ್ಲ, ಗುರುಗಳೇ," ಎಂದ.

"ದಣಿದಿದ್ದ. ಅದನ್ನು ಬರೆಯಲು ಆ ಹಾಳೆಯಲ್ಲಿ ಕಾಲಂ ಇರಲಿಲ್ಲ," ಎಂದರು ಗುರುಗಳು.